ಮಾತು ಮುಟ್ಟಿಸುವ ಖರ್ಚು

ಇಂಥವೆಲ್ಲ ನಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದವೋ, ಇಲ್ಲ ಎಲ್ಲರ ಅಂಗಡಿಯಲ್ಲೂ ಆಗುತ್ತಿದ್ದವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆಗುತ್ತಲೇ ಇದ್ದವು.

ನಾನು ಹುಟ್ಟಿದ್ದು ಮುಳಬಾಗಿಲಿನಲ್ಲಿ, ಮದುವೆಯಾಗಿ ಸೇರಿದ್ದು ಕೋಲಾರ. ನಮ್ಮವರು ಮೇಷ್ಟ್ರು. ಮಧ್ಯಾಹ್ನವೆಲ್ಲ ಮನೆಯಲ್ಲಿ ಕೂತು ಏನು ಮಾಡುತ್ತೀಯ ಎಂದು ತೊಂಬತ್ತರ ದಶಕದ ಶುರುವಿನಲ್ಲಿ ಅವರೇ ಓಡಾಡಿ ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನಗೊಂದು ಎಸ್‌ಟಿಡಿ ಬೂತ್ ಹಾಕಿಸಿಕೊಟ್ಟರು. ಆಮೇಲೆ ಅದೇ ಅಂಗಡಿಗೆ ಫ್ಯಾಕ್ಸ್ ಬಂತು, ಕೊನೆಗೆ ಕಂಪ್ಯೂಟರ್ ಬಂದು ಕೂತಿತು. ಬರುತ್ತಿದ್ದವರು ಹೆಚ್ಚಾಗಿ ವ್ಯಾಪಾರಸ್ಥರು. ಅವರಿಗೆ ಸರಕಿನ ಬೆಲೆ ಗೊತ್ತು, ಲಾರಿ ಬಾಡಿಗೆ ಗೊತ್ತು. ಒಂದು ಮಾತನ್ನು ಆ ಕಡೆ ಮುಟ್ಟಿಸುವುದಕ್ಕೂ ಬೆಲೆ ಇದೆ ಅನ್ನುವುದು ಮಾತ್ರ ಯಾರಿಗೂ ಒಗ್ಗಲಿಲ್ಲ. ಅದನ್ನು ಅರ್ಥ ಮಾಡಿಸಲು ಹೋಗಿ ನಾನು ಅತ್ತದ್ದು ಕಡಿಮೆ, ನಕ್ಕದ್ದು ಹೆಚ್ಚು.

೧. ಮನೆ ಮುಗೀತು, ಮಾವು ಹೇಳಿ

ಬೂತಿನ ಒಳಗೆ ಫೋನಿನ ಪಕ್ಕ ಒಂದು ಮೀಟರು. ಮಾತಾಡಿದ ಹಾಗೆಲ್ಲ ಅದರಲ್ಲಿ ಕೆಂಪು ಅಂಕಿ ಏರುತ್ತಿತ್ತು. ಕೆಲವರಿಗೆ ಅದನ್ನು ನೋಡಿದರೆ ಜ್ವರ ಏರಿದಂತಾಗುತ್ತಿತ್ತು.

ಶ್ರೀನಿವಾಸಪುರದ ಕಡೆ ತೋಪು ಗುತ್ತಿಗೆ ಹಿಡಿಯುವ ಮಾವಿನ ವ್ಯಾಪಾರಿಯೊಬ್ಬರಿದ್ದರು. ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಬೆಳಗಿನ ಆರು ಗಂಟೆಯೊಳಗೆ ಫೋನ್ ಮಾಡಿದರೆ ಕಾಲುರೇಟು ಎಂದು ಅವರಿಗೆ ತಿಳಿದ ದಿನದಿಂದ ನನ್ನ ನಿದ್ದೆ ಹೋಯಿತು. ಕೋಳಿಗಿಂತ ಮುಂಚೆ ಬಂದು ಷಟರ್ ಬಡಿಯೋರು.

ಆ ವರ್ಷ ಬೊಂಬಾಯಿಯ ಸೇಟು ಒಬ್ಬರು ಫಸಲು ಪೂರ್ತಿ ಕೊಳ್ಳುವ ಮಾತಿತ್ತು. ಕುದುರಿದರೆ ಇವರ ಮಗಳ ಮದುವೆ ನಿರಾಳ. ಫೋನ್ ಹತ್ತಿತು. ಸೇಟು ಸಂಭಾವಿತ ಮನುಷ್ಯ. ಬೆಳ್ಳಂಬೆಳಗ್ಗೆ ಎದ್ದು ಕೂತು ಕುಶಲ ವಿಚಾರಿಸತೊಡಗಿದರು. ಮನೇಲಿ ಎಲ್ಲ ಹೇಗಿದ್ದಾರೆ, ಅಮ್ಮ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ? ವ್ಯಾಪಾರಿಯ ಕಣ್ಣು ಮೀಟರಿನ ಮೇಲೆ. ಅಂಕಿ ಏರುತ್ತಾ ಇದೆ. ತಡೆಯಲಾರದೆ ತಮಗೆ ಬರುತ್ತಿದ್ದ ಹಿಂದಿಯಲ್ಲಿ ಕೂಗಿದರು: “ಘರ್ ಖತಮ್ ಸೇಟ್‌ಜೀ! ಘರ್ ಖತಮ್! ಆಮ್ ಬೋಲೋ!”

ಮನೆಯ ವಿಷಯ ಮುಗೀತು, ಇನ್ನು ಮಾವಿನ ವಿಷಯ ಹೇಳಿ ಅನ್ನುವುದು ಇವರ ಅರ್ಥ. ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತು. “ಸೇಟು ಒಪ್ಪಿಕೊಂಡ ಅಂತ ಕಾಣ್ಸುತ್ತೆ, ಮಾತೇ ಆಡಲಿಲ್ಲ” ಎಂದು ಖುಷಿಯಾಗಿ ಹೋದರು.

ಎರಡು ದಿನವಾದ ಮೇಲೆ ನಮ್ಮ ಬೂತಿನ ಮುಂದೆ ಟ್ಯಾಕ್ಸಿ ನಿಂತಿತು. ಬಿಳಿ ಬಟ್ಟೆ ತೊಟ್ಟ ಸೇಟು ಇಳಿದರು. ಕೈಯಲ್ಲಿ ಹೂವಿನ ಹಾರ, ಕಣ್ಣಲ್ಲಿ ನೀರು. ನಮ್ಮ ಬೂತಿನ ನಂಬರೇ ಅವರ ಹತ್ತಿರ ಇದ್ದ ವಿಳಾಸ. “ಒಂದೇ ಸಲ ಇಡೀ ಮನೆ ಹೋಯ್ತಂತಲ್ಲ ಬೆಹೆನ್‌ಜೀ, ಹೇಗಾಯ್ತು?” ಎಂದರು. ಹಿಂದಿನ ಬೀದಿಯಲ್ಲಿ ಇಂಥಾದ್ದಾಗಿ ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ನಾನೂ ಅಳುತ್ತಾ ಅವರನ್ನು ಕರೆದುಕೊಂಡು ಹೋದೆ.

ಹೋಗಿ ನೋಡಿದರೆ ಸತ್ತ ಅಮ್ಮ ಜಗುಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದಾರೆ. ಸತ್ತ ಹೆಂಡತಿ ಮಜ್ಜಿಗೆ ಲೋಟ ಹಿಡಿದು ಬಂದರು. ಸತ್ತ ಮಗಳು ಬಾಗಿಲ ಸಂದಿಯಿಂದ ಇಣುಕಿದಳು. ಸೇಟು ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ವ್ಯಾಪಾರಿಯ ಕೊರಳಿಗೇ ಹಾಕಿಬಿಟ್ಟರು. ವಿಷಯ ತಿಳಿದ ಮೇಲೆ ಅವರು ನಕ್ಕ ನಗುವಿಗೆ ಬೀದಿಯೇ ಸೇರಿತು. ಹೇಗೂ ಬಂದದ್ದಾಯಿತು ಎಂದು ತೋಪು ನೋಡಿದರು, ಹಣ್ಣು ತಿಂದರು, ಫಸಲು ಪೂರ್ತಿ ಅಲ್ಲೇ ಒಪ್ಪಿಕೊಂಡರು.

ಹೆಂಡತಿ ಮಾತ್ರ ಗಂಡನನ್ನು ಬಿಡಲಿಲ್ಲ. “ಕಾಲುರೇಟಲ್ಲಿ ಮಾತಾಡಿದ್ದಕ್ಕೆ ಮನೆಯೋರೆಲ್ಲ ಹೋದ್ವಿ. ಇನ್ನು ಫುಲ್ ರೇಟಲ್ಲಿ ಮಾತಾಡಿದ್ದಿದ್ರೆ ಊರೇ ಉಳೀತಿರಲಿಲ್ಲ ಕಣ್ರೀ!”

೨. ಗಣಪತಿಗೆ ಎರಡನೇ ಸಲ

ಫ್ಯಾಕ್ಸ್ ಮೆಷಿನ್ ಬಂದ ಮೇಲೆ ಶಿವಾರಪಟ್ಟಣದಿಂದ ವಿಗ್ರಹ ಕೆತ್ತುವ ಆಚಾರ್ರು ಒಬ್ಬರು ಬಂದರು. ಕಂಕುಳಲ್ಲಿ ಒಂದು ಸುರುಳಿ. ಆಂಧ್ರದ ಕಡೆ ಒಂದು ಊರಲ್ಲಿ ಹೊಸ ಗುಡಿ ಕಟ್ಟುತ್ತಿದ್ದರು. ಅಲ್ಲಿನ ಕಮಿಟಿಯವರು ಮೂರು ಕಡೆಯಿಂದ ನಕ್ಷೆ ತರಿಸುತ್ತಿದ್ದಾರಂತೆ, ಯಾರದು ಒಪ್ಪಿಗೆಯಾದರೆ ಅವರಿಗೆ ಕೆಲಸ. ಕಡೇ ದಿನ ಅವತ್ತೇ.

ಸುರುಳಿ ಬಿಚ್ಚಿದರು. ನಾನು ಹಿಂದೆ ಸರಿದು ಗೋಡೆಗೆ ಒರಗಿದೆ. ಅವರು ಅಳತೆ ಸಮೇತ ಕಳಿಸಿ ಅಂದಿದ್ದಕ್ಕೆ ಇವರು ವಿಗ್ರಹ ಎಷ್ಟಿರುತ್ತೋ ಅಷ್ಟೇ ದೊಡ್ಡ ಗಣಪತಿಯನ್ನು ಬರೆದು ತಂದಿದ್ದರು.

“ಆಚಾರ್ರೇ, ಈ ಮೆಷಿನ್ನಿಗೆ ಇಷ್ಟಗಲದ ಹಾಳೆ ಮಾತ್ರ ಹೋಗೋದು. ಕತ್ತರಿಸಿ ಕಳಿಸಬೇಕು. ಹಾಳೆಗಿಷ್ಟು ಅಂತ ಚಾರ್ಜು” ಎಂದೆ.

ಕತ್ತರಿ ಕೊಟ್ಟರೆ ಅವರ ಕೈ ಮೇಲೇಳಲಿಲ್ಲ. ಕೊನೆಗೆ ಹಾಳೆಯನ್ನು ಕಣ್ಣಿಗೊತ್ತಿಕೊಂಡು, “ಇರಲಿ ಬಿಡಮ್ಮ. ತಲೆ ಕತ್ತರಿಸಿಕೊಳ್ಳೋದು ಇವನಿಗೇನು ಹೊಸದಾ” ಎಂದು ಕತ್ತರಿ ಹಾಕಿದರು.

ಆಮೇಲೆ ಹಾಳೆ ಎಣಿಸಿದರು. ಚಾರ್ಜು ಲೆಕ್ಕ ಹಾಕಿದರು. ಕೆಳಗಿನ ಸಾಲಿನ ಒಂದು ಹಾಳೆ ತೆಗೆದು ಜೇಬಿಗಿಟ್ಟುಕೊಂಡರು. “ಇದು ಬೇಡ. ಬರೀ ಇಲಿ.”

ಹೊಟ್ಟೆ ಹೋಯಿತು, ಕಾಲು ಹೋಯಿತು, ಕೈಗಳು ಹೋದವು. ತಲೆಯನ್ನು ಇಡುವ ಹೊತ್ತಿಗೆ ಕರೆಂಟ್ ಹೋಯಿತು. ಫೋನ್ ಬಾರಿಸಿತು. ಆ ಕಡೆಯಿಂದ ಕಮಿಟಿಯ ಕಾರ್ಯದರ್ಶಿ ತೆಲುಗಿನಲ್ಲಿ ಗಾಬರಿಯಾಗಿ, “ಪೊಟ್ಟ ವಚ್ಚಿಂದಮ್ಮಾ, ತಲಕಾಯ ರಾಲೇದು!” ಎಂದರು. ಹೊಟ್ಟೆ ಬಂತು, ತಲೆ ಬಂದಿಲ್ಲ! “ತಲೆ ಇಲ್ಲೇ ಇದೆ ಸ್ವಾಮಿ, ಕರೆಂಟ್ ಬಂದ ತಕ್ಷಣ ಕಳಿಸ್ತೀನಿ” ಎಂದೆ. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಮಗುವನ್ನು ಎತ್ತಿಕೊಂಡು ಆಚೆ ಹೋದಳು.

ಕರೆಂಟ್ ಬಂದು ತಲೆ ಹೋಗುವಷ್ಟರಲ್ಲಿ ಸಂಜೆ. ಆಚಾರ್ರು ಅಲ್ಲಿತನಕ ಟೀ ಸಹ ಕುಡಿಯದೆ ಕೂತಿದ್ದರು. ಕಾರ್ಯದರ್ಶಿ ಮತ್ತೆ ಫೋನ್ ಮಾಡಿದಾಗ ತಿಳಿಯಿತು, ಅಲ್ಲಿ ಆದದ್ದೇ ಬೇರೆ. ಹಾಳೆಗಳನ್ನು ಜೋಡಿಸಲು ಮೇಜು ಸಾಲದೆ ಗುಡಿಯ ಪಡಸಾಲೆಯಲ್ಲಿ ಹರಡಿದ್ದರಂತೆ. ಇಷ್ಟು ದೊಡ್ಡ ಗಣಪತಿ ಕಂಡು ಮುದುಕಿಯೊಬ್ಬಳು ಪಕ್ಕದಲ್ಲಿ ದೀಪ ಹಚ್ಚಿಟ್ಟಳಂತೆ. ಹೊಟ್ಟೆಗೂ ಸೊಂಡಿಲಿಗೂ ಕುಂಕುಮ ಬಿತ್ತಂತೆ. ಪೂಜೆ ಆಗಿಹೋದ ಗಣಪತಿಯನ್ನು ಬಿಟ್ಟು ಬೇರೆಯದನ್ನು ಆರಿಸುವುದು ಹೇಗೆ? ಕೆಲಸ ಇವರಿಗೇ ಆಯಿತು.

ಫೋನ್ ಇಡುವ ಮುಂಚೆ ಕಾರ್ಯದರ್ಶಿ ಕೊಂಕು ತೆಗೆದರು: “ಇದರಲ್ಲಿ ಇಲಿ ಇಲ್ಲವಲ್ಲ, ರೇಟು ಸ್ವಲ್ಪ ಇಳಿಸ್ತೀರಾ?”

ಆಚಾರ್ರು ರಿಸೀವರ್ ಕಿತ್ತುಕೊಂಡು, “ಕಲ್ಲಲ್ಲಿ ಇಲಿ ಫ್ರೀ ಸ್ವಾಮಿ! ಫ್ಯಾಕ್ಸಲ್ಲಿ ಮಾತ್ರ ದುಡ್ಡು!”

೩. ಬೈಗುಳ ತಿದ್ದುವ ಹುಡುಗಿ

ನಮ್ಮ ಪಕ್ಕದಲ್ಲೇ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು. ಅದರ ಮಾಲೀಕರು ಸೊಂಟಕ್ಕೆ ಒಂದು ಪೇಜರ್ ಸಿಕ್ಕಿಸಿಕೊಂಡು ಬಂದರು. ಅದರ ಸಿಗ್ನಲ್ಲು ಬೆಂಗಳೂರಿನ ಹತ್ತಿರ ಹೋದರೆ ಮಾತ್ರ ಸಿಗುತ್ತಿತ್ತು. ಕೋಲಾರದಲ್ಲಿ ಅದು ಒಡವೆ. ಆದರೂ ಬೆಂಗಳೂರಿಗೆ ಹೋದಾಗ ವಾಪಸ್ ಬರುವ ಲಾರಿಗೆ ಲೋಡು ಸಿಕ್ಕಿತು ಅಂತ ತಿಳಿಸಬೇಕಲ್ಲ. ನಾವು ಇಲ್ಲಿಂದ ಪೇಜರ್ ಆಫೀಸಿಗೆ ಎಸ್‌ಟಿಡಿ ಮಾಡಿ ಅಲ್ಲಿನ ಹುಡುಗಿಗೆ ಹೇಳಬೇಕು, ಆಕೆ ಅದನ್ನು ಟೈಪ್ ಮಾಡಿ ಕಳಿಸಬೇಕು. ಹೀಗೆ ಒಂದು ಮಾತಿಗೆ ಎರಡು ಖರ್ಚು.

ಒಂದು ಸಲ ಮಾಲೀಕರ ಹೆಂಡತಿ ಕೆಂಡದಂತೆ ಬೂತಿಗೆ ನುಗ್ಗಿದರು. ಮನೆಗೆ ನೆಂಟರು ಬರುತ್ತಾರೆ, ಮಧ್ಯಾಹ್ನಕ್ಕೇ ಬನ್ನಿ ಎಂದು ಹೇಳಿ ಬೆಂಗಳೂರಿಗೆ ಕಳಿಸಿದ್ದ ಗಂಡನ ಪತ್ತೆ ಇಲ್ಲ. ಪೇಜರ್ ಆಫೀಸಿಗೆ ಫೋನ್ ಹಾಕಿಕೊಟ್ಟೆ.

“ಬರಕೋ ಕಣಮ್ಮ. ಮನೆ ಅನ್ನೋದು ನೆನಪಿದೆಯೇನ್ರೀ ನಿಮಗೆ? ಲಾರಿಗಳನ್ನೇ ಮದುವೆ ಆಗಬೇಕಿತ್ತು...” ಎಂದು ಶುರುವಾದವರು ಮುಂದೆ ಹೇಳಿದ್ದನ್ನು ನಾನು ಇಲ್ಲಿ ಬರೆಯಲಾರೆ.

ಆ ಕಡೆಯ ಹುಡುಗಿ ನಯವಾಗಿ, “ಮೇಡಂ, ಇಂಥ ಪದ ಕಳಿಸೋ ಹಾಗಿಲ್ಲ. ಇಷ್ಟುದ್ದಾನೂ ಹೋಗಲ್ಲ. ಚಿಕ್ಕದಾಗಿ ನಾನೇ ಹಾಕ್ತೀನಿ ಬಿಡಿ” ಎಂದಳು.

ಏನು ಹಾಕಿದಳೋ. ಮಾಲೀಕರು ಸಂಜೆಯ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತಾ ಬಂದಿಳಿದರು. ಕೈಯಲ್ಲಿ ಮಲ್ಲಿಗೆ ದಂಡೆ, ಮೈಸೂರ್‌ಪಾಕಿನ ಪೊಟ್ಟಣ. ಮುಖದಲ್ಲಿ ಹೊಸ ಮದುವಣಿಗನ ಕಳೆ. ಸೊಂಟದಿಂದ ಪೇಜರ್ ತೆಗೆದು ನನಗೇ ತೋರಿಸಿದರು. ಇಂಗ್ಲಿಷ್ ಅಕ್ಷರದಲ್ಲಿ ಹೀಗಿತ್ತು: “ನೀವಿಲ್ಲದೆ ಊಟ ಸೇರುತ್ತಿಲ್ಲ. ಬೇಗ ಬನ್ನಿ.”

ಮಾರನೇ ದಿನ ಆಕೆ ಮುಡಿ ತುಂಬ ಮಲ್ಲಿಗೆ ಮುಡಿದು ಬಂದರು. “ಅಕ್ಕಾ, ಫೋನ್ ಹಾಕಿಕೊಡಿ. ಇವತ್ತೂ ಬೈಬೇಕು. ಆದರೆ ನಿನ್ನೆ ಇದ್ದ ಹುಡುಗಿಗೇ ಕೊಡಿ.”

೪. ಪಾಪ ಸಾಹುಕಾರ್ರು

ಮೊಬೈಲ್ ಬಂತು. ಬೂತಿನ ಮೀಟರಿಗೆ ಧೂಳು ಹಿಡಿಯಿತು. ನಾನು ಕರೆನ್ಸಿ ಹಾಕುವ ಕೆಲಸ ಶುರು ಮಾಡಿದೆ.

ಟೊಮೇಟೊ ಮಂಡಿಯ ಸಾಹುಕಾರ್ರು ಒಬ್ಬರು ದಿನಾ ಬಂದು ನನ್ನ ಸ್ಟೂಲಿನ ಮೇಲೆ ಕೂರುತ್ತಿದ್ದರು. ದೊಡ್ಡ ಮಂಡಿ, ಬೆರಳಿಗೆಲ್ಲ ಉಂಗುರ. ಆದರೆ ಫೋನಲ್ಲಿ ಮಾತಾಡಿದರೆ ದುಡ್ಡು ಎಂದು ರೈತರ ಜೊತೆ ಮಿಸ್ಡ್ ಕಾಲಿನ ಒಪ್ಪಂದ ಮಾಡಿಕೊಂಡಿದ್ದರು. ಒಂದು ಮಿಸ್ಡ್ ಕಾಲ್ ಅಂದರೆ ರೇಟು ಚೆನ್ನಾಗಿದೆ, ಹಣ್ಣು ಕಿತ್ತು ತನ್ನಿ. ಎರಡು ಅಂದರೆ ತಡೀರಿ. “ಒಂದು ಪೈಸೆ ಖರ್ಚಿಲ್ಲದೆ ಇಡೀ ತಾಲ್ಲೂಕಿಗೆ ಸುದ್ದಿ ಮುಟ್ಟಿಸ್ತೀನಿ ನೋಡಮ್ಮ” ಅನ್ನೋರು.

ರಾಯಲ್ಪಾಡಿನ ಒಬ್ಬ ರೈತನ ಹತ್ತಿರ ಮಾತ್ರ ಇದು ನಡೆಯಲಿಲ್ಲ. ಅವನು ತೋಟದಲ್ಲಿರುತ್ತಿದ್ದ, ಫೋನ್ ಮನೆಯಲ್ಲಿ ಅವನ ತಾಯಿಯ ಮಡಿಲಲ್ಲಿ. ಮೊದಲ ರಿಂಗಿಗೇ ಮುದುಕಿ ಎತ್ತಿಬಿಡೋಳು. “ಎವರು ನಾಯನಾ? ಬಾಗುಂಡಾವಾ? ತಿಂಟಿವಾ?” ಯಾರಪ್ಪ, ಚೆನ್ನಾಗಿದೀಯಾ, ಊಟ ಆಯ್ತಾ? ಸಾಹುಕಾರ್ರು ಹೌಹಾರಿ ಕಟ್ ಮಾಡೋರು. “ಹೋಯ್ತಲ್ಲೇ ದುಡ್ಡು!” ಎಂದು ಮತ್ತೆ ಒತ್ತಿದರೆ ಮತ್ತೆ ಅವಳೇ. “ಎಂದುಕು ನಾಯನಾ ಪೆಟ್ಟೇಸ್ತಾವು?” ಯಾಕಪ್ಪ ಇಟ್ಟುಬಿಡ್ತೀಯ?

ಆ ಸಲ ಮದುವೆಗಳ ಕಾಲ. ರೇಟು ಏರಿತ್ತು. ಅವನ ಹಣ್ಣು ಬರಲೇಬೇಕು. ವಿಧಿಯಿಲ್ಲದೆ ಸಾಹುಕಾರ್ರು ಮೊದಲ ಸಲ ಮಾತಾಡಿದರು. “ಅವ್ವಾ, ಮಗನಿಗೆ ಹಣ್ಣು ಕೀಳೋಕ್ಕೆ ಹೇಳು” ಎಂದು ಇಷ್ಟೇ ಹೇಳಿ ಇಡಬೇಕೆಂದಿದ್ದರು. ಮುದುಕಿ ಬಿಡಬೇಕಲ್ಲ. ತನ್ನ ಮಗನದು ಎಷ್ಟು ಹಣ್ಣಾಗಿದೆ, ಪಕ್ಕದವನದು ಯಾವಾಗ ಕೀಳುತ್ತಾರೆ, ಕೆರೆ ಕೆಳಗಿನವನ ಗಿಡಕ್ಕೆ ಏನು ರೋಗ, ಎಲ್ಲ ಹೇಳಿದಳು. ಸಾಹುಕಾರ್ರ ಮುಖ ಮೊದಲು ಹುಳ್ಳಗಾಯಿತು. ಆಮೇಲೆ ಮೆಲ್ಲಗೆ ಅರಳಿತು. ನನ್ನ ಕೈಯಿಂದ ಪೆನ್ನು ಇಸ್ಕೊಂಡು ಅಂಗೈ ಮೇಲೆ ಬರೆದುಕೊಳ್ಳತೊಡಗಿದರು. ಇಡೀ ಊರಿನ ಫಸಲಿನ ಸುದ್ದಿ ಒಂದೇ ಫೋನಿಗೆ! ಅವತ್ತಿಂದ ವಾರಕ್ಕೊಂದು ಸಲ ಅವರೇ ಮುದುಕಿಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುವಂತಾದರು.

ಕೆಲವು ದಿನವಾದ ಮೇಲೆ ಆ ರೈತ ಹಣ್ಣಿನ ಜೊತೆ ಕೋಲಾರಕ್ಕೆ ಬಂದವನು ನನ್ನ ಅಂಗಡಿಗೂ ಬಂದ. ಕೈಯಲ್ಲಿ ಒಂದು ಚೀಲ ಕಡಲೆಕಾಯಿ. ಒಳಗೆ ಸ್ಟೂಲಿನ ಮೇಲೆ ಯಾರು ಕೂತಿದ್ದಾರೆಂದು ನೋಡದೆ ಹತ್ತು ರೂಪಾಯಿ ನೋಟು ಚಾಚಿದ.

“ಅಕ್ಕಾ, ಮಂಡಿ ಸಾಹುಕಾರ್ರ ನಂಬರಿಗೆ ಕರೆನ್ಸಿ ಹಾಕು. ಅಮ್ಮ ಕೊಟ್ಟು ಕಳ್ಸವ್ಳೆ. ಪಾಪ, ಮೊದಮೊದಲು ಮಾತಾಡೋಕ್ಕೂ ಗತಿ ಇಲ್ದೆ ಇಟ್ಟುಬಿಡ್ತಿದ್ರಂತೆ. ಈಗೀಗ ಎಲ್ಲಿ ಸಾಲ ಮಾಡಿ ಮಾತಾಡ್ತಾವ್ರೋ ಅಂತ ಅವಳಿಗೆ ಯೋಚನೆ!”

೫. ಲಕ್ಷ್ಮಿಗೆ ಏಳು, ರಮೆಗೆ ಮೂರು

ಆಮೇಲೆ ಒಂದೇ ಸಲಕ್ಕೆ ನೂರಾರು ಜನಕ್ಕೆ ಎಸ್‌ಎಂಎಸ್ ಕಳಿಸುವ ಕೆಲಸ ಬಂತು. ಬೆಂಗಳೂರಿನ ಕಂಪನಿಯೊಂದರಿಂದ ನಾನು ಮೆಸೇಜುಗಳನ್ನು ಸಗಟಾಗಿ ಕೊಂಡು ಇಲ್ಲಿ ಚಿಲ್ಲರೆಯಾಗಿ ಮಾರುತ್ತಿದ್ದೆ. ಇಂಗ್ಲಿಷಾದರೆ ಒಂದು ಮೆಸೇಜಿಗೆ ನೂರ ಅರವತ್ತು ಅಕ್ಷರ. ಕನ್ನಡವಾದರೆ ಎಪ್ಪತ್ತೇ. ಮೀರಿದರೆ ಎರಡು ಮೆಸೇಜಿನ ದುಡ್ಡು.

ಮುಳಬಾಗಿಲಿನಲ್ಲಿ ಪೌರೋಹಿತ್ಯ ಮಾಡುವ ನನ್ನ ಸೋದರಮಾವ ಬಂದರು. ಶುಕ್ರವಾರದ ಲಕ್ಷ್ಮೀಪೂಜೆಗೆ ವರ್ಷದಿಂದ ವರ್ಷಕ್ಕೆ ಜನ ಕಡಿಮೆಯಾಗುತ್ತಿದ್ದರು. ನಿಲ್ಲಿಸಿಬಿಡೋಣವೇ ಎನ್ನುವ ಮಟ್ಟಿಗೆ ಮಾವ ಬೇಸತ್ತಿದ್ದರು. ಒಂದು ಸಲ ನೋಡೋಣ ಎಂದು ನಾನೇ ಕರೆಸಿದ್ದೆ.

ಮಾವ ಬರೆದುಕೊಂಡು ಬಂದದ್ದರಲ್ಲಿ ಆಶೀರ್ವಾದಕ್ಕೇ ಎರಡು ಮೆಸೇಜು ಮುಗಿದಿತ್ತು. ಕಡಿಮೆ ಮಾಡುತ್ತಾ ಬಂದೆವು. ಆದರೂ ಮೂರು ನಾಲ್ಕು ಅಕ್ಷರ ಹೆಚ್ಚು.

“ಲಕ್ಷ್ಮಿ ಅಂತ ಇರೋದಕ್ಕೇ ಏಳು ಹೋಗುತ್ತೆ ಮಾವ.”

“ಏಳು ಎಲ್ಲಿ ಬಂತೇ? ಲ, ಕ್ಷ್ಮಿ. ಎರಡಕ್ಷರ!”

“ಕಂಪ್ಯೂಟರಿಗೆ ಒತ್ತಕ್ಷರ, ಗುಡಿಸು, ಎಲ್ಲ ಬೇರೆ ಬೇರೆ ಲೆಕ್ಕ.”

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. “ಲಕ್ಷ್ಮಿಗೆ ಖರ್ಚು ಜಾಸ್ತಿ ಅಂತ ಕೇಳಿದ್ದೆ, ಕಾಗುಣಿತದಲ್ಲೂ ಹೀಗೆ ಅಂತ ಗೊತ್ತಿರಲಿಲ್ಲ” ಎಂದು ಕಣ್ಣು ಮುಚ್ಚಿ ದೇವಿಯ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಳ್ಳತೊಡಗಿದರು. ಥಟ್ಟನೆ ಕಣ್ಣು ತೆರೆದರು. “ರಮಾ! ಎಷ್ಟೇ ಅದು?”

“ಮೂರು.”

“ಹಾಕು. ಅದೇ ತಾಯಿ, ಅರ್ಧ ರೇಟು.”

ಅದೇ ಉಮೇದಿನಲ್ಲಿ ಮಾವ ಇನ್ನೂ ಒಂದೆರಡು ಮಾತು ತೆಗೆಸಿದರು. ಕೊನೆಯಲ್ಲಿ ಮಾವನ ನಂಬರು ಸೇರಿಸಿ ಮೆಸೇಜು ಹೋಯಿತು: “ಶುಕ್ರವಾರ ಸಂಜೆ ರಮಾ ಬರುತ್ತಾಳೆ. ತಪ್ಪದೆ ಬನ್ನಿ.” ಜಾಗ ಉಳಿಯಿತು ಎಂದು ಮಾವ ಖುಷಿಪಟ್ಟರು. ಪೂಜೆ ಅನ್ನುವ ಮಾತು ಬಿಟ್ಟುಹೋದದ್ದು ಇಬ್ಬರಿಗೂ ಹೊಳೆಯಲಿಲ್ಲ.

ಆ ಕಾಲದಲ್ಲಿ ಮೊಬೈಲ್ ಇದ್ದದ್ದು ಗಂಡಸರ ಜೇಬಲ್ಲಿ, ಅದನ್ನು ನೋಡುತ್ತಿದ್ದದ್ದು ಹೆಂಗಸರು. ಅವತ್ತು ಮುಳಬಾಗಿಲಿನ ಮನೆಮನೆಯಲ್ಲೂ ಒಂದೇ ಪ್ರಶ್ನೆ: “ಯಾರ್ರೀ ಈ ರಮಾ?” ಗಂಡಂದಿರು ಆಣೆ ಪ್ರಮಾಣ ಮಾಡಿದರೂ ಪ್ರಯೋಜನವಾಗಲಿಲ್ಲ. ಮೆಸೇಜಿನಲ್ಲಿದ್ದ ನಂಬರಿಗೆ ಫೋನ್ ಮಾಡಿದವರಿಗೆ ಮಾವ, “ಬನ್ನಮ್ಮ, ನೀವೇ ಬಂದು ನೋಡಿ, ನಮ್ಮ ಮನೇಲೇ ಇರ್ತಾಳೆ” ಎಂದು ಸರಳವಾಗಿ ಹೇಳಿದರು. ಕೇಳಿದವರಿಗೆ ಇನ್ನೂ ಆಶ್ಚರ್ಯ.

ಶುಕ್ರವಾರ ಸಂಜೆ ಮಾವನ ಮನೆಯಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲ. ಹೆಂಡತಿಯರು ಗಂಡಂದಿರನ್ನು ಮುಂದೆ ಬಿಟ್ಟುಕೊಂಡು ಬಂದಿದ್ದರು. ಒಳಗೆ ಕಮಲದ ಮೇಲೆ ನಗುತ್ತಾ ಕೂತ ರಮೆಯನ್ನು ನೋಡಿ ಮೊದಲು ನಕ್ಕದ್ದು ಅವರೇ. ಮಂಗಳಾರತಿ ತೆಗೆದುಕೊಂಡು, ಮುಂದಿನ ಶುಕ್ರವಾರಕ್ಕೂ ಬರುವುದಾಗಿ ಹೇಳಿ ಹೋದರು.

ಮಾವ ರಾತ್ರಿಯೇ ನನಗೆ ಫೋನ್ ಮಾಡಿದರು. “ಲಕ್ಷ್ಮಿ ಅಂತ ಇಷ್ಟು ವರ್ಷ ಕೂಗಿದೆ, ಒಬ್ಬರೂ ತಿರುಗಿ ನೋಡಲಿಲ್ಲ. ರಮಾ ಅಂದೆ, ಸಂಸಾರ ಸಮೇತ ಬಂದ್ರು ಕಣೇ!”

೬. ಕೊನೆಯಲ್ಲೊಂದು ಚುಕ್ಕೆ

ಈ ಸುದ್ದಿ ಕೇಳಿ ಮಂಡಿ ಸಾಹುಕಾರ್ರಿಗೂ ಎಸ್‌ಎಂಎಸ್ ಬೇಕಾಯಿತು. “ಇನ್ಮೇಲೆ ಯಾವತ್ತು ಎಷ್ಟು ಬಾಕ್ಸ್ ಬೇಕು ಅಂತ ಫೋನಿಗೇ ಬರುತ್ತೆ, ನೋಡ್ಕೊಂಡು ತನ್ನಿ” ಎಂದು ರೈತರಿಗೆಲ್ಲ ಸಾರಿದರು. ಟೊಮೇಟೊ ನಮ್ಮ ಕಡೆ ಬಾಕ್ಸಿನ ಲೆಕ್ಕದಲ್ಲಿ ಮಾರುವುದು.

ಮೊದಲ ಮೆಸೇಜು ಕಳಿಸುವ ಸಂದರ್ಭ ಬೇಗನೇ ಬಂತು. ಮಾರನೇ ದಿನ ಹಮಾಲರು ಬರುವುದಿಲ್ಲ, ಮಂಡಿಗೆ ರಜೆ. ಹೇಳದಿದ್ದರೆ ರೈತರು ಹಣ್ಣು ಕಿತ್ತು ತಂದು ಕೊಳೆಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಹಾಕಿದರೆ ಯಾರಿಗೂ ಅರ್ಥವಾಗದು. ಕನ್ನಡದಲ್ಲೇ, ಒಂದೇ ಮೆಸೇಜಿನಲ್ಲಿ ಮುಗಿಸಿದೆ: “ನಾಳೆ ಮಂಡಿ ರಜೆ ಹಣ್ಣು ಕೀಳಬೇಡಿ.” ಸಾಹುಕಾರ್ರು ಓದಿ, “ಭೇಷ್! ಒಂದು ಮಾತು ಜಾಸ್ತಿ ಇಲ್ಲ” ಎಂದರು. ಈ ಒಂದು ಕೆಲಸ ಸರಿಹೋದರೆ ಉಳಿದ ಮಂಡಿಯವರನ್ನೂ ಕರೆದುಕೊಂಡು ಬರುವುದಾಗಿ ಮಾತು ಕೊಟ್ಟರು. ನನಗೆ ಆ ವರ್ಷ ಅದು ಬಹಳ ಬೇಕಾಗಿತ್ತು.

ಮಾರನೇ ಬೆಳಗ್ಗೆ ಸಾಹುಕಾರ್ರ ಫೋನ್. “ಏನಮ್ಮಾ ಕಳಿಸಿದೀಯ? ಬಂದು ನೋಡು ಒಂದ್ಸಲ!”

ಓಡಿದೆ. ಇಡೀ ಮಂಡಿ ಖಾಲಿ. ಒಂದು ನಾಯಿ ಮಲಗಿದೆ. ನಡುವೆ ದೇವರಾಯಸಮುದ್ರದ ವಯಸ್ಸಾದ ರೈತ ಒಬ್ಬ, ಅವನ ಹಿಂದೆ ಟೆಂಪೋ, ಮುಂದೆ ಟೊಮೇಟೊ ಬಾಕ್ಸುಗಳು. ಕಷ್ಟಪಟ್ಟು ಬೆಳೆದ ಮೊದಲ ಕೊಯ್ಲು. ಸಾಹುಕಾರ್ರು ಕೆಂಪಗಾಗಿ ನಿಂತಿದ್ದಾರೆ. ರೈತ ಮಾತ್ರ ನೆಮ್ಮದಿಯಾಗಿ ಬೀಡಿ ಸೇದುತ್ತಿದ್ದಾನೆ.

“ಮೆಸೇಜ್ ಬಂದಿಲ್ವಾ ತಾತಾ?” ಎಂದೆ.

“ಬರದೆ ಏನಕ್ಕಾ? ನೋಡ್ಕೊಂಡೇ ತಂದಿದ್ದು” ಎಂದು ಹಳೇ ಮೊಬೈಲ್ ಚಾಚಿದ.

ನೋಡಿದೆ. ಆ ಫೋನಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರ, ಒತ್ತು, ಗುಡಿಸು, ಒಂದೊಂದರ ಜಾಗದಲ್ಲೂ ಒಂದೊಂದು ಖಾಲಿ ಚೌಕ. ಸಾಲಾಗಿ ಬಾಕ್ಸು, ಬಾಕ್ಸು, ಬಾಕ್ಸು.

“ಎಣಿಸಿದೆ. ಇಪ್ಪತ್ಮೂರು” ಎಂದ ತಾತ. “ಮಧ್ಯೆ ಮಧ್ಯೆ ಜಾಗ ಬಿಟ್ಟಿದ್ರು, ಬೇರೆ ಬೇರೆ ತಳಿ ಅಂದ್ಕೊಂಡೆ. ಅದಕ್ಕೇ ನಾಲ್ಕು, ನಾಲ್ಕು, ಮೂರು, ಐದು, ಏಳು, ಹಂಗೇ ಜೋಡಿಸಿದೀನಿ ನೋಡಿ.”

ನೋಡಿದರೆ ನಿಜವಾಗಿಯೂ ಹಾಗೇ ಜೋಡಿಸಿದ್ದ. ನನ್ನ ವಾಕ್ಯ ಟೊಮೇಟೊ ಬಾಕ್ಸಿನಲ್ಲಿ ಮಂಡಿಯ ಅಂಗಳದಲ್ಲಿ ಹರಡಿತ್ತು. ಸಾಹುಕಾರ್ರಿಗೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ನನಗೆ ನಗು ಬಂತು, ಹಿಂದೆಯೇ ಯೋಚನೆಯೂ ಹತ್ತಿತು. ಅಷ್ಟು ಹಣ್ಣನ್ನು ಬಿಸಿಲಲ್ಲಿ ಈ ಮುದುಕ ಏನು ಮಾಡುತ್ತಾನೆ?

ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಅಡುಗೆ ಕಂಟ್ರಾಕ್ಟರ್ ಒಬ್ಬ ತಲೆಗೆ ಟವೆಲ್ ಕಟ್ಟಿಕೊಂಡು ಓಡಿಬಂದ. ಮಾಲೂರಿನಲ್ಲಿ ದೊಡ್ಡ ಮದುವೆ, ಸಾರಿಗೂ ಗೊಜ್ಜಿಗೂ ಟೊಮೇಟೊ ಇಲ್ಲ, ಮಂಡಿ ರಜೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಅಂಗಳದಲ್ಲಿದ್ದ ಬಾಕ್ಸುಗಳನ್ನು ಕಂಡು ದೇವರನ್ನು ಕಂಡವನಂತೆ ಕೈಮುಗಿದ. ರಜೆಯ ದಿನ, ಊರಿಗೆಲ್ಲ ಇರುವುದು ಇಷ್ಟೇ ಹಣ್ಣು. ತಾತ ಹೇಳಿದ್ದೇ ರೇಟು. ಎಲ್ಲ ಬಾಕ್ಸೂ ಖಾಲಿಯಾದವು.

ಸಾಹುಕಾರ್ರು ಕಮಿಷನ್ ತೆಗೆದುಕೊಳ್ಳುತ್ತಾ, “ಹೋಗಲಿ, ನಿನ್ನ ಮೆಸೇಜು ಕೆಲಸ ಮಾಡ್ತು ಅನ್ನು. ನಾಳೆ ಆ ಪಕ್ಕದ ಮಂಡಿಯೋನನ್ನ ಕಳಿಸ್ತೀನಿ. ಯಾರ ಫೋನಲ್ಲಿ ಕನ್ನಡ ಬರುತ್ತೆ ಅಂತ ಮೊದಲು ಕೇಳ್ಕೋ, ತಾಯಿ” ಎಂದರು.

ತಾತ ದುಡ್ಡು ಒಳಜೇಬಿಗೆ ಸೇರಿಸಿ ಟೆಂಪೋ ಹತ್ತಲು ಹೋದವನು ಏನೋ ನೆನಪಾಗಿ ವಾಪಸ್ ಬಂದ. ಅಂಗಿಯ ಮೇಲುಜೇಬಿಗೆ ಕೈಹಾಕಿ ಒಂದೇ ಒಂದು ಟೊಮೇಟೊ ತೆಗೆದು ಸಾಹುಕಾರ್ರ ಅಂಗೈ ಮೇಲಿಟ್ಟ.

“ಇದ್ಯಾಕೋ?” ಎಂದರು ಸಾಹುಕಾರ್ರು.

“ಏನಂಗೆ ಕೇಳ್ತೀರ ಸಾಹುಕಾರ್ರೇ? ಕೊನೇಲಿ ಒಂದು ಚುಕ್ಕೆ ಇಕ್ಕಿದ್ರಲ್ಲ. ಬಿಡಿ ಹಣ್ಣು ಒಂದು!”